ಹೆದರಬೇಡ ಅಂದ್ರೆ ಹೆದರಿಕೆ ಹೋಗುತ್ತಾ?

ವಾದ ಮಾಡಬೇಕಾದ ದಿನ ಬೆಳಿಗ್ಗೆ ನನಗೆ ತಿಂಡಿ ಸೇರುವುದಿಲ್ಲ. ಬಳ್ಳಾರಿ ಕೋರ್ಟಿನಲ್ಲಿ ವಕೀಲಿಕೆ ಶುರು ಮಾಡಿ ಎಷ್ಟೋ ವರ್ಷಗಳಾದವು, ಇನ್ನೂ ಹಾಗೇ. ಹೊಟ್ಟೆಯಲ್ಲಿ ಏನೋ ತಳಮಳ. ಒಮ್ಮೆ ನನ್ನ ಸೀನಿಯರನ್ನು ಕೇಳಿದೆ. ಅವರು ನಕ್ಕು, "ನಂಗೂ ಹಂಗೇ ಆಗ್ತದಮ್ಮ" ಎಂದರು.

ಇದಕ್ಕೆ ನಮ್ಮ ವೃತ್ತಿಯಲ್ಲಿ ಇರುವ ಮದ್ದು ಒಂದೇ, ಫೈಲ್ ಓದುವುದು. ದಾವಾ ಯಾವಾಗ ಹಾಕಿದ್ದು, ಸರ್ವೆ ನಂಬರ್ ಎಷ್ಟು, ಎದುರಿನವರ ಸಾಕ್ಷಿ ಪಾಟೀಸವಾಲಿನಲ್ಲಿ, ಅಂದರೆ ನಾವು ಅಡ್ಡಪ್ರಶ್ನೆ ಹಾಕಿದಾಗ, ಏನು ಒಪ್ಪಿಕೊಂಡ, ಜಡ್ಜ್ ಎಲ್ಲಿ ತಡೆದು ಪ್ರಶ್ನೆ ಕೇಳಬಹುದು. ಇಷ್ಟು ಗೊತ್ತಿದ್ದರೆ ತಳಮಳ ಪೂರ್ತಿ ಹೋಗುವುದಿಲ್ಲ, ಆದರೆ ಬಾಯಿ ಕಟ್ಟುವುದಿಲ್ಲ. ಗೊತ್ತಿಲ್ಲದಿದ್ದರೆ ಎಷ್ಟು ಉಸಿರು ಎಳೆದು ಬಿಟ್ಟರೂ ಅಷ್ಟೇ.

ಇದನ್ನು ಬರೆಯಲು ಕಾರಣ ನನ್ನ ಅಕ್ಕನ ಮಗಳು. ಸೆಕೆಂಡ್ ಪಿಯುಸಿ, ಕಾಮರ್ಸ್. ಕ್ಲ್ಯಾಟ್ ಬರೆಯುತ್ತಿದ್ದಾಳೆ. ದೇಶದ ಹೆಚ್ಚಿನ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯಬೇಕಾದ ಪರೀಕ್ಷೆ ಅದು. ಸತ್ಯನಾರಾಯಣಪೇಟೆಯ ಅವರ ಮನೆಯಲ್ಲಿ ಟಿವಿ, ತಮ್ಮನ ಗಲಾಟೆ, ಬಂದು ಹೋಗುವ ನೆಂಟರು. ಹಾಗಾಗಿ ಸಂಜೆ ನನ್ನ ಆಫೀಸಿಗೆ ಬಂದು ಮೂಲೆಯ ಟೇಬಲ್ ಹಿಡಿಯುತ್ತಾಳೆ. ನವೆಂಬರ್ ಬಂದಾಗಿನಿಂದ ಅವಳಿಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಮನೆಯಲ್ಲಿ ಎಲ್ಲರದೂ ಒಂದೇ ಮಾತು, "ಹೆದರಬೇಡ." ಭಾವ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾರೆ. ಒಂದು ದಿನ ಅವಳು ನನ್ನನ್ನು ಕೇಳಿದಳು: "ಚಿಕ್ಕಮ್ಮ, ಹೆದರಬೇಡ ಅಂತ ಇಷ್ಟು ಜನ ಹೇಳ್ತಾರೆ ಅಂದ್ರೆ, ಹೆದರೋವಂಥದ್ದು ಏನೋ ಐತೆ ಅಂತ ತಾನೇ?"

ಹುಡುಗಿಗೆ ಪಾಟೀಸವಾಲು ಈಗಲೇ ಬರುತ್ತದೆ ಅಂದುಕೊಂಡೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಹೆದರಬೇಡ ಅನ್ನುವ ಮಾತಿನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಅವಳ ಮುಂದೆ ಫೈಲ್ ಬಿಚ್ಚಿ ಇಡುವುದು ಒಳ್ಳೆಯದು ಅನ್ನಿಸಿತು. ಸಿರುಗುಪ್ಪ, ಸಂಡೂರು, ಆ ಕಡೆ ಗಂಗಾವತಿ, ಸಿಂಧನೂರು, ಮಾನ್ವಿಯಲ್ಲಿ ಇದೇ ಪರೀಕ್ಷೆಗೆ ಒಬ್ಬೊಬ್ಬರೇ ಕೂತು ಓದುತ್ತಿರುವ ಮಕ್ಕಳಿಗೂ ಇದು ಸಿಗಲಿ.

ಕ್ಲ್ಯಾಟ್ ಶುರುವಾದದ್ದು 2008ರಲ್ಲಿ, ನಮ್ಮ ಹುಡುಗಿ ಹುಟ್ಟಿದ ವರ್ಷ. ಅದಕ್ಕೂ ಮೊದಲು ಒಂದೊಂದು ಕಾನೂನು ವಿಶ್ವವಿದ್ಯಾಲಯಕ್ಕೆ ಒಂದೊಂದು ಪರೀಕ್ಷೆ, ಮಕ್ಕಳು ಊರೂರು ಸುತ್ತಬೇಕಿತ್ತು. ಈಗ ವಿಶ್ವವಿದ್ಯಾಲಯಗಳೇ ಸೇರಿ ಮಾಡಿಕೊಂಡ ಒಕ್ಕೂಟ ಇದನ್ನು ನಡೆಸುತ್ತದೆ. ಕೆಲವು ವರ್ಷಗಳಿಂದ ಡಿಸೆಂಬರ್ ಮೊದಲ ಭಾನುವಾರ, ಮಧ್ಯಾಹ್ನ 2ರಿಂದ 4 ಗಂಟೆ. 120 ಪ್ರಶ್ನೆ, 120 ನಿಮಿಷ. ಸರಿ ಉತ್ತರಕ್ಕೆ 1 ಅಂಕ, ತಪ್ಪಾದರೆ 0.25 ಕಡಿತ, ಬಿಟ್ಟರೆ ಏನೂ ಇಲ್ಲ. ಕಂಪ್ಯೂಟರ್ ಇಲ್ಲ. ಪ್ರಶ್ನೆ ಪತ್ರಿಕೆ, ಉತ್ತರದ ಗುಂಡು ತುಂಬುವ ಓಎಂಆರ್ ಶೀಟು, ಬಾಲ್ ಪೆನ್ನು.

ಐದು ಭಾಗ ಇರುತ್ತದೆ. ಇಂಗ್ಲಿಷ್ 22ರಿಂದ 26 ಪ್ರಶ್ನೆ, ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನ 28ರಿಂದ 32, ಲೀಗಲ್ ರೀಸನಿಂಗ್ ಕೂಡ 28ರಿಂದ 32, ಲಾಜಿಕ್ 22ರಿಂದ 26. ಕೊನೆಗೆ ಲೆಕ್ಕ 10ರಿಂದ 14, ಅದೂ ಹತ್ತನೇ ತರಗತಿ ಮಟ್ಟದ್ದು. ಗಣಿತ ಅಂದರೆ ಓಡಿಹೋಗಿ ಕಾಮರ್ಸ್, ಆರ್ಟ್ಸ್ ಸೇರಿದವರು ಈ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾರೋ ಅಣ್ಣ ಅಕ್ಕಂದಿರು ಕೊಟ್ಟ ಹಳೆಯ ದಪ್ಪ ಪುಸ್ತಕಗಳನ್ನು ನೋಡಿ ಗಾಬರಿಯಾಗಬೇಡಿ. 2020ರಲ್ಲಿ ಈ ಪರೀಕ್ಷೆಯ ರೂಪವೇ ಬದಲಾಯಿತು. ಅದಕ್ಕೂ ಹಿಂದೆ 200 ಚಿಕ್ಕ ಪ್ರಶ್ನೆಗಳು ಇರುತ್ತಿದ್ದವು. ಲ್ಯಾಟಿನ್ ಸೂತ್ರಗಳು, ಯಾವ ದೇಶದ ರಾಜಧಾನಿ ಯಾವುದು ಅನ್ನುವಂಥವು, ಬಾಯಿಪಾಠದವು. 2020ರಿಂದ ಒಂದು ಪ್ಯಾಸೇಜ್, ಅಂದರೆ ಓದಲು ಒಂದು ಬರಹದ ತುಣುಕು, ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಮೊದಲು 150 ಇತ್ತು, 2023ರ ಡಿಸೆಂಬರ್ ಪರೀಕ್ಷೆಯಿಂದ 120 ಆಯಿತು. ಹಳೆ ಪುಸ್ತಕದ ಅರ್ಧ ಭಾಗ ಈಗ ಯಾವ ಕೆಲಸಕ್ಕೂ ಬರುವುದಿಲ್ಲ. ಬಾರದ್ದನ್ನೆಲ್ಲ ಓದಿಲ್ಲವಲ್ಲ ಅಂತ ಕೊರಗುವ ಮಕ್ಕಳನ್ನು ನೋಡಿದ್ದೇನೆ. ಸುಮ್ನೆ ನಿದ್ದೆ ಕೆಡಿಸಿಕೊಳ್ಳುತ್ತಾರೆ.

ಈಗ ನಾವಿಬ್ಬರೂ ಕೂತು ಹಾಕಿದ ಲೆಕ್ಕ ಕೇಳಿ. ಒಂದು ಪ್ಯಾಸೇಜ್ ಸುಮಾರು 450 ಪದ. ಅದಕ್ಕೆ ಐದು ಪ್ರಶ್ನೆ ಅಂದುಕೊಳ್ಳಿ. ಪ್ರಶ್ನೆಗೊಂದು ನಿಮಿಷದಂತೆ ಐದು ನಿಮಿಷ. ಆ ಐದರಲ್ಲೇ ಪ್ಯಾಸೇಜ್ ಓದಬೇಕು, ಪ್ರಶ್ನೆ ಓದಬೇಕು, ನಾಲ್ಕು ಆಯ್ಕೆ ತೂಗಬೇಕು, ಗುಂಡು ತುಂಬಬೇಕು. ನಿಮಿಷಕ್ಕೆ 150 ಪದ ಓದುವವಳಿಗೆ ಪ್ಯಾಸೇಜ್ ಮುಗಿಸಲು ಮೂರು ನಿಮಿಷ ಬೇಕು. 200 ಪದ ಓದಿದರೆ ಎರಡೂಕಾಲು. ಒಂದು ಪ್ಯಾಸೇಜಿಗೆ 45 ಸೆಕೆಂಡ್ ಉಳಿತಾಯ. ಇಪ್ಪತ್ತು ಪ್ಯಾಸೇಜಿಗೆ ಹದಿನೈದು ನಿಮಿಷ ಆಯಿತು!

ಈ ಲೆಕ್ಕ ಹಾಕಿದ ದಿನ ಅವಳ ಮುಖ ಮೊದಲ ಸಲ ಸ್ವಲ್ಪ ಸಡಿಲಾಯಿತು. ಅಲ್ಲಿವರೆಗೆ ಅವಳ ಭಯಕ್ಕೆ ರೂಪವೇ ಇರಲಿಲ್ಲ. ಬೆಂಗಳೂರು, ದೆಹಲಿಯ ಮಕ್ಕಳು, ಲಕ್ಷಗಟ್ಟಲೆ ಕೋಚಿಂಗ್ ಫೀ, ಚೆನ್ನಾಗಿ ಇಂಗ್ಲಿಷ್ ಮಾತಾಡುವವರು, ಎಲ್ಲ ಸೇರಿ ತಲೆಯ ಮೇಲೆ ಕೂತಿತ್ತು. ಈಗ ಅದರ ಜಾಗದಲ್ಲಿ ಒಂದು ಕೆಲಸ ಸಿಕ್ಕಿತು, ಓದುವ ವೇಗ ಹೆಚ್ಚಿಸಿಕೊಳ್ಳುವುದು. ಅದು ದಿನಾ ಮಾಡಬಹುದಾದ ಕೆಲಸ.

ತಪ್ಪಿನ ಕಡಿತದ ಭಯವೂ ಹಾಗೇ. 0.25 ಅಂದ ಕೂಡಲೇ ಮಕ್ಕಳು ಪೆನ್ನು ಎತ್ತಿಕೊಂಡು ಕೂತುಬಿಡುತ್ತಾರೆ. ನಾಲ್ಕು ಆಯ್ಕೆಯಲ್ಲಿ ಎರಡು ಖಂಡಿತ ತಪ್ಪು ಅಂತ ಗೊತ್ತಾದರೆ ಉಳಿದ ಎರಡರಲ್ಲಿ ಒಂದನ್ನು ಗುರುತು ಮಾಡಲೇಬೇಕು. ಅಂಥ ಎಂಟು ಪ್ರಶ್ನೆಯಲ್ಲಿ ಅರ್ಧ ಸರಿಯಾದರೂ ನಾಲ್ಕು ಅಂಕ ಬಂತು, ಒಂದು ಹೋಯಿತು, ಮೂರು ಕೈಯಲ್ಲಿ ಉಳಿಯಿತು. ರ‍್ಯಾಂಕ್ ಪಟ್ಟಿಯಲ್ಲಿ ಮೂರು ಅಂಕ ಅಂದರೆ ಕಮ್ಮಿ ಅಲ್ಲ. ಆದರೆ ಓಎಂಆರ್‌ನಲ್ಲಿ ಪೆನ್ನಿನಿಂದ ತುಂಬಿದ ಮೇಲೆ ತಿದ್ದಲು ಆಗುವುದಿಲ್ಲ. ಯೋಚಿಸುವುದೆಲ್ಲ ತುಂಬುವ ಮೊದಲೇ ಮುಗಿಯಬೇಕು.

ಲೀಗಲ್ ರೀಸನಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಅದು ನನ್ನ ಜಾಗ. ಈ ಭಾಗಕ್ಕೆ ಕಾನೂನು ಮೊದಲೇ ಗೊತ್ತಿರಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಅಷ್ಟಿಷ್ಟು ಗೊತ್ತಿದ್ದವರೇ ಇಲ್ಲಿ ಎಡವುತ್ತಾರೆ. ನಾನೇ ಅವಳಿಗೆ ಒಂದು ಪ್ರಶ್ನೆ ಕಟ್ಟಿ ಕೊಟ್ಟೆ. ಪ್ಯಾಸೇಜಿನಲ್ಲಿ ಹೀಗಿತ್ತು: ಇನ್ನೊಬ್ಬರ ಜಮೀನಿಗೆ ಅನುಮತಿ ಇಲ್ಲದೆ ಹೋದರೆ ಅದು ಅತಿಕ್ರಮ ಪ್ರವೇಶ. ನಷ್ಟ ಆಗಿರಲೇಬೇಕು ಅಂತಿಲ್ಲ. ನನ್ನದೇ ಜಮೀನು ಅಂತ ತಪ್ಪು ತಿಳಿದಿದ್ದೆ ಅನ್ನುವ ಸಮಜಾಯಿಷಿ ನಡೆಯುವುದಿಲ್ಲ. ಆಮೇಲೆ ಸಂಗತಿ: ಸಿರುಗುಪ್ಪದ ಕಡೆಯ ರೈತನೊಬ್ಬ ರಾತ್ರಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದಾನೆ. ಮಳೆಗೆ ಬದು ಕೊಚ್ಚಿಹೋಗಿದೆ. ಕತ್ತಲಲ್ಲಿ ತಿಳಿಯದೆ ಪಕ್ಕದವನ ಹೊಲದಲ್ಲೂ ನಾಲ್ಕು ಸಾಲು ಹೊಡೆದುಬಿಡುತ್ತಾನೆ. ಅವನು ಹೊಣೆಯೋ ಅಲ್ಲವೋ?

"ಅಲ್ಲ" ಅಂದಳು ತಕ್ಷಣ. "ಪಾಪ, ಅವನಿಗೆ ಗೊತ್ತೇ ಇರ್ಲಿಲ್ಲ."

"ಪಾಪ ಅನ್ನೋದು ಪ್ಯಾಸೇಜಿನಾಗೆ ಎಲ್ಲೈತೆ ತೋರ್ಸು" ಅಂದೆ.

ಹುಡುಕಿದಳು. ಇರಲಿಲ್ಲ. ಪ್ಯಾಸೇಜಿನ ಪ್ರಕಾರ ಅವನು ಹೊಣೆ. ಗೊತ್ತಿರಲಿಲ್ಲ ಅನ್ನುವ ಬಾಗಿಲನ್ನು ಮೂರನೇ ವಾಕ್ಯವೇ ಮುಚ್ಚಿದೆ. ಅವಳ ಗೆಳತಿ ಒಬ್ಬಳು ಎಲ್ಲೋ ಓದಿಕೊಂಡು, "ಅತಿಕ್ರಮ ಪ್ರವೇಶಕ್ಕೆ ದುರುದ್ದೇಶ ಬೇಕಲ್ವಾ ಆಂಟಿ?" ಎಂದು ಕೇಳಿದಳು. ಹೌದು, ಕ್ರಿಮಿನಲ್ ಕಾನೂನಿನಲ್ಲಿ ಬೇಕು. ಆದರೆ ಆ ಮಾತು ಈ ಪ್ಯಾಸೇಜಿನಲ್ಲಿಲ್ಲ. ಒಬ್ಬಳು ಕರುಣೆಯಿಂದ ತಪ್ಪಿದಳು, ಇನ್ನೊಬ್ಬಳು ಹೊರಗಿನಿಂದ ತಂದ ಜ್ಞಾನದಿಂದ ತಪ್ಪಿದಳು. ಇಬ್ಬರೂ ಎದುರಿಗಿದ್ದ ಕಾಗದ ಬಿಟ್ಟು ಬೇರೆ ಕಡೆ ನೋಡಿದರು.

ಗಾಬರಿ ಮಾಡುವ ಕೆಲಸವೂ ಇದೇ. ಎದೆ ಹೊಡೆದುಕೊಳ್ಳುತ್ತಿರುವಾಗ ಕಣ್ಣು ಸಾಲಿನ ಮೇಲೆ ಓಡುತ್ತದೆ, ಆದರೆ ಏನೂ ಒಳಗೆ ಇಳಿಯುವುದಿಲ್ಲ. ಆಗ ಮನಸ್ಸು ತಾನೇ ಕಥೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಅವಳಿಗೆ ಒಂದು ರೂಢಿ ಮಾಡಿಸಿದೆ. ಉತ್ತರ ಗುರುತು ಮಾಡುವ ಮೊದಲು ಆ ಉತ್ತರಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳು ಇಡಬೇಕು. ಬೆರಳಿಗೆ ಜಾಗ ಸಿಗದಿದ್ದರೆ ಆ ಉತ್ತರ ಅನುಮಾನದ್ದು. ಮೊದಮೊದಲು ಇದರಿಂದ ವೇಗ ಕಮ್ಮಿಯಾಯಿತು, ಅತ್ತಳು. ಆಮೇಲೆ ಬೆರಳು ತಾನೇ ಹೋಗತೊಡಗಿತು. ಮುಂದಿನ ವಾಕ್ಯದಲ್ಲಿ ಕೆಲಸ ಇರುವವರಿಗೆ ಹೆದರಲು ಅಷ್ಟು ಪುರುಸೊತ್ತು ಇರುವುದಿಲ್ಲ.

ನಮ್ಮ ಕಡೆಯ ಮಕ್ಕಳ ನಿಜವಾದ ಹೆದರಿಕೆ ಇಂಗ್ಲಿಷ್. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ನನಗೆ ಇದು ಸರಿ ಅನ್ನಿಸಿಲ್ಲ. ಹೈಕೋರ್ಟು, ಸುಪ್ರೀಂ ಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ಇರಬೇಕು ಎಂದು ಸಂವಿಧಾನದ 348ನೇ ವಿಧಿ ಹೇಳುತ್ತದೆ, ಒಪ್ಪೋಣ. ಆದರೆ ನಾನು ದಿನಾ ಕೆಲಸ ಮಾಡುವ ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ಕನ್ನಡದಲ್ಲಿ, ಬರೆದುಕೊಳ್ಳುವುದು ಕನ್ನಡದಲ್ಲಿ. ಕಕ್ಷಿದಾರರು ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಅಳುತ್ತಾರೆ. ಅವರ ಮಾತು ಅರ್ಥವಾಗುವ ಹುಡುಗಿಯೊಬ್ಬಳು ಇಂಗ್ಲಿಷ್ ಓದಿನ ವೇಗದಲ್ಲಿ ಹಿಂದೆ ಬಿದ್ದಳು ಅಂತ ಬಾಗಿಲಲ್ಲೇ ನಿಲ್ಲುವುದು ನ್ಯಾಯವಾ? ನಿಯಮ ಬದಲಾಗುವ ತನಕ ಮಾತ್ರ ಈ ನಿಯಮದಲ್ಲೇ ಆಡಬೇಕು.

ಅದಕ್ಕೆ ನಾವು ಮಾಡಿದ್ದು ಸರಳ. ದಿನಾ ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯ ಓದುವುದು. ಪತ್ರಿಕೆ ಮಡಚುವುದು. ಅದರಲ್ಲಿ ಏನಿತ್ತು ಅಂತ ಅಜ್ಜನಿಗೆ ಕನ್ನಡದಲ್ಲಿ ಹೇಳುವುದು. ಕಷ್ಟದ ಪದಗಳ ಪಟ್ಟಿ ಮಾಡಿ ಬಾಯಿಪಾಠ ಹೊಡೆಯುವುದಕ್ಕಿಂತ ಇದು ಎಷ್ಟೋ ವಾಸಿ. ಅಜ್ಜನಿಗೆ ಅರ್ಥವಾದರೆ ಅವಳಿಗೂ ಅರ್ಥವಾಗಿದೆ ಅಂತಲೇ ಲೆಕ್ಕ. ಅಜ್ಜ ಸುಮ್ಮನೆ ಕೇಳುವವರಲ್ಲ, ಅಡ್ಡಪ್ರಶ್ನೆ ಹಾಕುತ್ತಾರೆ.

ಒಂದು ಸಲ ವಿಷಯ ನದಿ ನೀರಿನ ಹಂಚಿಕೆಯದು. ಮಾತು ತುಂಗಭದ್ರಾ ಅಣೆಕಟ್ಟಿಗೆ ಬಂತು. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಕ್ರೆಸ್ಟ್ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋದದ್ದು ಈ ಭಾಗದಲ್ಲಿ ಯಾರಿಗೆ ಮರೆತೀತು? 33 ಗೇಟಿನಲ್ಲಿ ಒಂದು ಹೋಗಿದ್ದಕ್ಕೆ ಮೂರು ರಾಜ್ಯದ ರೈತರು ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಅಜ್ಜನ ನಾಲ್ಕೆಕರೆ ಗದ್ದೆಗೂ ಅದೇ ನೀರು. ಅವಳು ಸಂವಿಧಾನದ 262ನೇ ವಿಧಿ, 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆ, ತುಂಗಭದ್ರಾ ಮಂಡಳಿ ಅಂತ ವಿವರಿಸಿದಳು. ಅಜ್ಜ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಗೇಟಿಗೆ ಯಾರು ಜವಾಬ್ದಾರ್ರು? ಅದು ಹೇಳಲೇ ಇಲ್ವಲ್ಲ ನೀನು" ಎಂದರು. ಮರುದಿನ ಅವಳು ಅದನ್ನೇ ಹುಡುಕಿಕೊಂಡು ಕೂತಿದ್ದಳು. ಪ್ರಚಲಿತ ವಿದ್ಯಮಾನದ ಮೂವತ್ತು ಪ್ರಶ್ನೆಗೆ ತಯಾರಿ ಹೀಗೂ ನಡೆಯುತ್ತದೆ. ತಿಂಗಳ ಪಿಡಿಎಫ್‌ಗಳನ್ನು ಫೋನಿನಲ್ಲಿ ತುಂಬಿಕೊಂಡು ಓದದೇ ಇರುವುದಕ್ಕಿಂತ ಒಳ್ಳೆಯದು.

ಇನ್ನು ಹುಮ್ಮಸ್ಸಿನ ವಿಷಯ. ಮೋಟಿವೇಶನ್ ಅಂತ ಫೋನಿನಲ್ಲಿ ಬರುತ್ತದಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಏಳು, ಹದಿನಾಲ್ಕು ಗಂಟೆ ಓದು, ಹಿಂದೆ ಡ್ರಮ್ಮು ಬಾರಿಸುವ ಸಂಗೀತ. ನಮ್ಮ ಹುಡುಗಿ ಅಂಥವನ್ನು ಒಂದಿಷ್ಟು ನೋಡಿ, ನೋಡಿದಷ್ಟು ಹೊತ್ತು ಉಬ್ಬಿ, ಆಮೇಲೆ ಇನ್ನೂ ಕುಗ್ಗುತ್ತಿದ್ದಳು. ದೊಡ್ಡ ವಕೀಲೆ ಆಗುತ್ತೀಯ, ಕಾರು ಬರುತ್ತದೆ ಅನ್ನುವುದೂ ಅಷ್ಟೇ. ಹದಿನೇಳರ ವಯಸ್ಸಿಗೆ ಅದು ಕೈಗೆ ಸಿಗುವಂಥದ್ದಲ್ಲ. ಕಾನೂನು ಅಂದರೆ ಏನು ಮಾಡುತ್ತದೆ ಅನ್ನುವುದು ಕಣ್ಣಿಗೆ ಕಂಡರೆ ಮಾತ್ರ ಓದಬೇಕು ಅನ್ನಿಸುತ್ತದೆ.

ಬಳ್ಳಾರಿಯಲ್ಲಿ ಹುಟ್ಟಿದವರಿಗೆ ಅದನ್ನು ತೋರಿಸಲು ದೂರ ಹೋಗಬೇಕಿಲ್ಲ. ಅವಳು ಇನ್ನೂ ಕೂಸು, ಆಗ ನಮ್ಮ ರಸ್ತೆಗಳಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದವು. ಸಂಡೂರಿನ ಕಡೆ ಗಿಡದ ಎಲೆಯೂ ಕೆಂಪು, ಒಣಗಹಾಕಿದ ಬಟ್ಟೆಯೂ ಕೆಂಪು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿ ಎಂದು ಕೋರ್ಟು ಹೇಳಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಅಕ್ರಮ ನಡೆಸಿದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ದೆಹಲಿಯ ಒಂದು ಕೋಣೆಯಲ್ಲಿ ಬರೆದ ಕೆಲವು ಪುಟಗಳಿಂದ ಇಲ್ಲಿನ ಧೂಳು ಇಳಿಯಿತು. ಅದರ ಜೊತೆಗೆ ಲಾರಿ ಡ್ರೈವರುಗಳ, ಗ್ಯಾರೇಜಿನವರ, ರಸ್ತೆ ಬದಿ ಚಹಾದಂಗಡಿಯವರ ದುಡಿಮೆಯೂ ನಿಂತಿತು. ಈ ಎರಡನೆಯದನ್ನೂ ಅವಳಿಗೆ ಹೇಳಿದೆ. ಕಾನೂನು ಓದುವವರಿಗೆ ಎರಡೂ ಕಡೆ ಗೊತ್ತಿರಬೇಕು. ಆ ತೀರ್ಪನ್ನು ಇಂಟರ್ನೆಟ್ಟಿನಲ್ಲಿ ತೆಗೆದು ತಾನೇ ಓದಲು ಶುರು ಮಾಡಿದಳು. ಅರ್ಧ ಅರ್ಥವಾಗಲಿಲ್ಲ. ಆದರೆ ಆ ದಿನ ಅವಳನ್ನು ಓದು ಅಂತ ಯಾರೂ ಹೇಳಬೇಕಾಗಲಿಲ್ಲ.

ಇನ್ನೊಂದು ದಿನ ನನ್ನ ಜೊತೆ ಕೋರ್ಟಿಗೆ ಬಂದಳು. ಕೋರ್ಟಿನ ಕಲಾಪ ಸಾಮಾನ್ಯವಾಗಿ ಯಾರು ಬೇಕಾದರೂ ಹಿಂದೆ ಕೂತು ನೋಡಬಹುದು, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಬೆಳಿಗ್ಗೆಯೆಲ್ಲ ಬೇಜಾರು. ಒಂದಾದ ಮೇಲೊಂದು ಕೇಸಿಗೆ ಮುಂದಿನ ದಿನಾಂಕ ಕೊಡುವುದೇ ಆಯಿತು. ಸಿನಿಮಾದಂತೆ ಮೇಜು ಕುಟ್ಟುವವರು ಯಾರೂ ಇಲ್ಲ. ಮಧ್ಯಾಹ್ನದ ಮೇಲೆ ವಯಸ್ಸಾದ ಹೆಂಗಸೊಬ್ಬರ ಜೀವನಾಂಶದ ಅರ್ಜಿ ಬಂತು. ಮಗ ನೋಡಿಕೊಳ್ಳುತ್ತಿಲ್ಲ ಅಂತ. ಮಗ ಹೊಸ ಬೈಕು ತಗೊಂಡಿದ್ದು ಪಾಟೀಸವಾಲಿನಲ್ಲಿ ಹೊರಬಿತ್ತು. ಅಂದಿನಿಂದ ವಾರಕ್ಕೊಮ್ಮೆಯಾದರೂ ಕೇಳುತ್ತಾಳೆ: "ಆ ಅಜ್ಜಿಗೆ ದುಡ್ಡು ಸಿಕ್ತಾ ಚಿಕ್ಕಮ್ಮ?" ಇನ್ನೂ ಆದೇಶ ಆಗಿಲ್ಲ.

ನಮ್ಮೂರಲ್ಲಿ ರಾಘವ ಕಲಾ ಮಂದಿರ ಇದೆಯಲ್ಲ, ಆ ಬಳ್ಳಾರಿ ರಾಘವ (1880–1946) ರಂಗಭೂಮಿಯಲ್ಲಿ ದೊಡ್ಡ ಹೆಸರು. ಅವರ ಹೊಟ್ಟೆಪಾಡಿನ ಕೆಲಸ ವಕೀಲಿಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ಇದಕ್ಕೂ ಪರೀಕ್ಷೆಗೂ ಸಂಬಂಧ ಇಲ್ಲ. ಹೇಳಬೇಕು ಅನ್ನಿಸಿತು ಅಷ್ಟೇ.

ಮಾಕ್ ಟೆಸ್ಟು, ಅಂದರೆ ಅಭ್ಯಾಸಕ್ಕೆ ಬರೆಯುವ ಪರೀಕ್ಷೆಗಳದ್ದು ಬೇರೆಯೇ ಗೋಳು. ಒಂದು ಭಾನುವಾರ 71 ಬಂತು, ಮನೆಯಲ್ಲಿ ಜಾಮೂನು. ಮುಂದಿನ ಭಾನುವಾರ 58, ಮನೆಯಲ್ಲಿ ಮೌನ. ಅಂಕ ನೋಡಿ ಅಡುಗೆ ಮಾಡುವುದನ್ನು ಮೊದಲು ನಿಲ್ಲಿಸು ಅಂತ ಅಕ್ಕನಿಗೆ ಹೇಳಿದೆ. ಮಾಕ್‌ಗಳನ್ನು ಬೇರೆ ಬೇರೆಯವರು ಬೇರೆ ಬೇರೆ ಮಟ್ಟದಲ್ಲಿ ತಯಾರಿಸುತ್ತಾರೆ. ಒಂದು ಸಂಸ್ಥೆಯ 58 ಇನ್ನೊಂದರ 71ಕ್ಕಿಂತ ಮೇಲಿರಬಹುದು. ಅಂಕಕ್ಕಿಂತ ತಪ್ಪಾದ ಪ್ರಶ್ನೆಗಳಲ್ಲಿ ಸರಕು ಜಾಸ್ತಿ ಇರುತ್ತದೆ. 58ರ ಪತ್ರಿಕೆ ಬಿಡಿಸಿ ನೋಡಿದಾಗ ಗೊತ್ತಾಯಿತು, ಕೊನೆಯ ಇಪ್ಪತ್ತು ನಿಮಿಷದಲ್ಲಿ ಓಡಿದ್ದಕ್ಕೇ ಹೆಚ್ಚು ಕಡಿತ ಬಿದ್ದಿತ್ತು. ಮೊದಲು ಬಂದ ಒಂದು ಲಾಜಿಕ್ ಪ್ಯಾಸೇಜಿನ ಜೊತೆ ಹಟಕ್ಕೆ ಬಿದ್ದು ಹನ್ನೊಂದು ನಿಮಿಷ ಕೂತಿದ್ದಳು. ಅದನ್ನು ಬಿಟ್ಟು ಮುಂದೆ ಹೋಗಿ ವಾಪಸ್ ಬರಬಹುದಿತ್ತು. ಇದು ಗೊತ್ತಾದ ಮೇಲೆ 58 ಅವಳ ಬುದ್ಧಿಯ ಅಳತೆ ಆಗಿ ಉಳಿಯಲಿಲ್ಲ. ಪರೀಕ್ಷೆಯ ಹಿಂದಿನ ವಾರ ಮಾತ್ರ ಹೊಸ ಮಾಕ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆಗ ಅಂಕ ಕಡಿಮೆ ಬಂದರೆ ಸರಿಮಾಡಿಕೊಳ್ಳಲು ಸಮಯ ಇಲ್ಲ, ಜಾಸ್ತಿ ಬಂದರೆ ಮೈಮರೆವು.

ಈಗ ಅಕ್ಕನಿಗೆ ಇಷ್ಟವಾಗದ ಭಾಗ. ಕ್ಲ್ಯಾಟ್ ಆಗದಿದ್ದರೆ ಏನು ಅನ್ನುವುದನ್ನು ಹುಡುಗಿಗೆ ಸ್ಪಷ್ಟವಾಗಿ ಹೇಳಿಬಿಟ್ಟೆ. ಹುಬ್ಬಳ್ಳಿಯಲ್ಲಿ 2009ರಿಂದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಅದರ ಕೆಳಗಿನ ಕಾಲೇಜುಗಳು ಬಳ್ಳಾರಿಯಲ್ಲೂ ಇವೆ, ರಾಯಚೂರಿನಲ್ಲೂ ಇವೆ. ಸಾಮಾನ್ಯ ವರ್ಗದವರಿಗೆ ಪಿಯುಸಿಯಲ್ಲಿ 45 ಪರ್ಸೆಂಟ್ ಇದ್ದರೆ ಐದು ವರ್ಷದ ಕೋರ್ಸಿಗೆ ಅರ್ಹತೆ ಇದೆ. ಪ್ರವೇಶ ಪರೀಕ್ಷೆ ಬೇಡ. ಪಿಯುಸಿಗೂ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಕ್ಲ್ಯಾಟನ್ನು ಮುಂದಿನ ವರ್ಷ ಮತ್ತೆ ಬರೆಯಬಹುದು, ವಯಸ್ಸಿನ ಮಿತಿ ಇಲ್ಲ. ಎಲ್ಲಿ ಓದಿದರೂ ಕೊನೆಗೆ ಅದೇ ಬಾರ್ ಕೌನ್ಸಿಲಿನಲ್ಲಿ ಹೆಸರು ಬರೆಸಬೇಕು, ಅದೇ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ನಾನು ಓದಿದ್ದು ಬಳ್ಳಾರಿಯಲ್ಲೇ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಓದು, ಗ್ರಂಥಾಲಯ, ಸಹವಾಸ ಎಲ್ಲ ಬೇರೆ ಮಟ್ಟದ್ದು, ಅದನ್ನು ಅಲ್ಲಗಳೆಯುವುದಿಲ್ಲ. ಸಿಕ್ಕರೆ ಬಿಡಬಾರದು. ಅವುಗಳಲ್ಲಿ ಒಂದಾದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ, ರಾಜ್ಯದಲ್ಲೇ ಹತ್ತು ವರ್ಷ ಓದಿದ ಮಕ್ಕಳಿಗೆ 25 ಪರ್ಸೆಂಟ್ ಮೀಸಲಾತಿಯೂ ಇದೆ. ಅರ್ಜಿಯಲ್ಲಿ ಆ ಕಾಲಂ ಗುರುತು ಮಾಡುವುದನ್ನು ಎಷ್ಟೋ ಮಕ್ಕಳು ಬಿಟ್ಟುಬಿಡುತ್ತಾರೆ.

"ಬೇರೆ ದಾರಿ ಐತೆ ಅಂದ್ರೆ ಓದೋದು ಬಿಟ್ಬಿಡ್ತಾಳೆ, ನೀನ್ಯಾಕೆ ಹೇಳ್ದೆ?" ಅಂತ ಅಕ್ಕ ನನ್ನ ಮೇಲೆ ಸಿಟ್ಟಾದಳು. ಹಾಗೇನೂ ಆಗಲಿಲ್ಲ. ಆ ರಾತ್ರಿ ಹುಡುಗಿ ಚೆನ್ನಾಗಿ ನಿದ್ದೆ ಮಾಡಿದಳು ಅಂತ ಮರುದಿನ ಅಕ್ಕನೇ ಫೋನ್ ಮಾಡಿ ಹೇಳಿದಳು, ಸಿಟ್ಟು ಪೂರ್ತಿ ಇಳಿಯದಿದ್ದರೂ.

ಪರೀಕ್ಷೆ ನಡೆಸುವವರದ್ದೂ ಎಲ್ಲ ಸರಿ ಇರುತ್ತದೆ ಅಂದುಕೊಳ್ಳುವುದು ಬೇಡ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಾನೂನು ಶಾಲೆ ತನ್ನದೇ ಬೇರೆ ಪರೀಕ್ಷೆ ಮಾಡಿತು, ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು, ಮಕ್ಕಳು ಕೊನೆಗೆ ಕ್ಲ್ಯಾಟನ್ನೇ ಬರೆದರು. 2024ರ ಡಿಸೆಂಬರ್ 1ರ ಪರೀಕ್ಷೆಯ ಕೀ ಉತ್ತರಗಳ ವಿವಾದ ದೆಹಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನ ತನಕ ಹೋಗಿ 2025ರ ಮೇ ತಿಂಗಳಲ್ಲಿ ಮುಗಿಯಿತು. ಪ್ರಶ್ನೆ ತೆಗೆದ ರೀತಿಯ ಬಗ್ಗೆ ಕೋರ್ಟು ಬೇಸರ ಹೇಳಿತು. ಹಾಲಿನಲ್ಲಿ ಕೂತಾಗ ಒಂದು ಪ್ರಶ್ನೆಗೆ ಯಾವ ಉತ್ತರವೂ ಹೊಂದುತ್ತಿಲ್ಲ ಅನ್ನಿಸಿದರೆ, ತಪ್ಪು ಪ್ರಶ್ನೆಯದ್ದೇ ಇರಬಹುದು. ಬಿಟ್ಟು ಮುಂದೆ ಹೋಗುವುದು.

ಉಳಿದದ್ದು ಮೈಯ ವಿಷಯ. ಮಧ್ಯಾಹ್ನ 2ರಿಂದ 4 ಅಂದರೆ ಬಳ್ಳಾರಿಯಲ್ಲಿ ರೊಟ್ಟಿ ಊಟ ಮಾಡಿ ಮಲಗುವ ಹೊತ್ತು. ಆ ಹೊತ್ತಿಗೆ ಮೆದುಳು ಎಚ್ಚರ ಇರುವುದನ್ನು ಕಲಿಯಬೇಕು. ಒಂದು ತಿಂಗಳಿನಿಂದ ಅವಳ ಮಾಕ್ ಎಲ್ಲ ಅದೇ ಹೊತ್ತಿಗೆ, ಅದೇ ಬಾಲ್ ಪೆನ್ನಿನಲ್ಲಿ, ಓಎಂಆರ್ ಶೀಟಿನ ಜೆರಾಕ್ಸ್ ಮೇಲೆ. ಊಟ ಹನ್ನೆರಡಕ್ಕೆ, ಅನ್ನ ಮೊಸರು, ಸ್ವಲ್ಪ. ಮೊದಲ ವಾರ ಮೂರು ಗಂಟೆಗೆ ತೂಕಡಿಸಿ ಹಣೆ ಟೇಬಲ್ಲಿಗೆ ಹೊಡೆದುಕೊಂಡಳು. ಈಗ ಪರವಾಗಿಲ್ಲ. ಮೋತಿ ಸರ್ಕಲ್ ಹತ್ತಿರದ ಮಿರ್ಚಿ ಒಗ್ಗರಣಿ ಪರೀಕ್ಷೆ ಮುಗಿಯುವ ತನಕ ಬಂದ್. ಅದು ಅವಳೇ ಹಾಕಿಕೊಂಡ ಶಿಕ್ಷೆ, ನಾನಲ್ಲ.

ಸೆಂಟರ್ ಬಿದ್ದಿರುವುದು ಬೆಂಗಳೂರಿಗೆ. ಶನಿವಾರ ರಾತ್ರಿ ರೈಲು ಹತ್ತಿ ಭಾನುವಾರ ಬೆಳಿಗ್ಗೆ ಇಳಿದರಾಯಿತು ಅಂತ ಭಾವ ಲೆಕ್ಕ ಹಾಕಿದ್ದರು. ರೈಲಿನಲ್ಲಿ ಅವಳಿಗೆ ನಿದ್ದೆ ಬರುವುದಿಲ್ಲ. ಶುಕ್ರವಾರ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದೆವು. ಶನಿವಾರ ಹೋಗಿ ಸೆಂಟರ್ ಎಲ್ಲಿದೆ ನೋಡಿಕೊಂಡು ಬಂದರೆ ಭಾನುವಾರ ಹುಡುಕುವ ತಾಪತ್ರಯ ಇಲ್ಲ. ಹಾಲ್ ಟಿಕೆಟ್, ಗುರುತಿನ ಚೀಟಿ, ಎರಡು ಪೆನ್ನು, ಮುಳ್ಳಿನ ಗಡಿಯಾರ ಒಂದು ಕವರಿನಲ್ಲಿ ಹಾಕಿ ಆಗಿದೆ. ಹಾಲ್ ಟಿಕೆಟ್ಟಿನ ಹಿಂದಿನ ಸೂಚನೆಗಳನ್ನು ಭಾವನಿಗೆ ಓದಿಸಿದ್ದೂ ಆಯಿತು.

ಯಾರು ಯಾರು ಹೋಗುವುದು ಅನ್ನುವುದೇ ದೊಡ್ಡ ಗಲಾಟೆ. ಅಕ್ಕ ಬರುತ್ತೇನೆ ಅಂದಳು. ಅಜ್ಜ, ಬೆಂಗಳೂರಲ್ಲಿರುವ ಅತ್ತೆ, ಅತ್ತೆಯ ಮಗ ಎಲ್ಲರೂ ಸೆಂಟರಿನ ಗೇಟಿಗೆ ಬರುವ ಯೋಜನೆ ನಡೆದಿತ್ತು. ಬಾಗಿಲಲ್ಲಿ ಐದು ಜನ ಕಾಯುತ್ತಿದ್ದಾರೆ ಅಂದರೆ ಒಳಗಿರುವವಳ ಮೇಲೆ ಐದು ಜನರ ಭಾರ. ಅಪ್ಪ ಒಬ್ಬರೇ ಸಾಕು ಅಂತ ಹುಡುಗಿಯೇ ಖಡಾಖಂಡಿತವಾಗಿ ಹೇಳಿದಳು. ಕನಕ ದುರ್ಗಮ್ಮನಿಗೆ ಹರಕೆ ಹೊತ್ತುಕೊಳ್ಳುತ್ತೇನೆ ಅಂದಳು ಅಕ್ಕ. ಹೊತ್ತುಕೋ, ಆದರೆ ಪರೀಕ್ಷೆ ಮುಗಿಯುವ ತನಕ ಅವಳಿಗೆ ಹೇಳಬೇಡ ಎಂದೆ. ನಾಲ್ಕು ಗಂಟೆಗೆ ಹೊರಗೆ ಬಂದಾಗ ಎಷ್ಟು ಸರಿಯಾಯಿತು ಅಂತ ಕೇಳಬಾರದು ಎಂದು ಭಾವನಿಗೆ ಕಟ್ಟಪ್ಪಣೆ ಆಗಿದೆ. ಮತ್ತೇನು ಕೇಳಲಿ ಅಂದರು ಅವರು. ಹಸಿವಾಗಿದೆಯಾ ಅಂತ ಕೇಳಿ ಅಂದೆ. ಅದಕ್ಕೆ ಒಪ್ಪಿದ್ದಾರೆ, ಆದರೆ ನನಗೆ ನಂಬಿಕೆ ಇಲ್ಲ.